ಮೂರೂವರೆ ಇಂಚು

ತೊಂದರೆಯೆಲ್ಲ ಶುರುವಾದದ್ದು ಗಲ್ಲಿಯ ಬಾಯಲ್ಲಿದ್ದ ಹಂಪಿನಿಂದ. ಎರಡು ವರ್ಷದ ಹಿಂದೆ ಯಾವನೋ ಬೈಕಿನವನು ಜೋರಾಗಿ ಬಂದು ಟೈಲರನ ಇಸ್ತ್ರಿ ಮೇಜಿಗೆ ಗುದ್ದಿದಾಗ, ಗಲ್ಲಿಯವರೆಲ್ಲ ಸಭೆ ಸೇರಿ ಕಟ್ಟಿಸಿದ್ದು ಅದು. ಎಷ್ಟು ಎತ್ತರ ಬೇಕೆಂದು ಗಾರೆಯವನು ಕೇಳಿದ್ದಕ್ಕೆ ಒಬ್ಬೊಬ್ಬರು ಒಂದೊಂದು ಅಳತೆ ಹೇಳಿದ್ದರು. ಅವನು ಎಲ್ಲವನ್ನೂ ಕೂಡಿಸಿ ಕಟ್ಟಿಬಿಟ್ಟಿದ್ದ. ದೂರದಿಂದ ನೋಡಿದರೆ ಅಲ್ಲಿ ಯಾರನ್ನೋ ಹೂತಿಟ್ಟ ಹಾಗೆ ಕಾಣುತ್ತಿತ್ತು. ಅದಕ್ಕೆ ಬೇಕಾದ ಜಲ್ಲಿಯನ್ನು ತನ್ನ ಗಾಡಿಯಲ್ಲೇ ಪುಕ್ಕಟೆ ತಂದು ಸುರಿದವನು ಪಿಕಪ್ಪು.

ಅವನಿಗೆ ಮನೆಯವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಗಲ್ಲಿಯಲ್ಲಿದ್ದ ಒಂದೇ ಪಿಕಪ್ ಗಾಡಿ ಅವನದಾದ್ದರಿಂದ ಗಾಡಿಯ ಹೆಸರೇ ಅವನಿಗೂ ಅಂಟಿಕೊಂಡಿತ್ತು.

ಗಲ್ಲಿಯ ಕೊನೆಯಲ್ಲಿ ಕನ್ನಡಿ ಗೋಡೌನು. ಅದರಾಚೆ ದಾರಿಯಿಲ್ಲ. ಅಲ್ಲಿಂದ ಹೊರಡುವ ಪ್ರತಿ ಕನ್ನಡಿಯೂ ಹಂಪು ದಾಟಿಯೇ ಹೋಗಬೇಕು. ಭಾರ ಹೊತ್ತ ಗಾಡಿ ಎಷ್ಟೇ ಮೆಲ್ಲಗೆ ಹತ್ತಿದರೂ ಹೊಟ್ಟೆ ತಗುಲಿ ಕರ್ರೆನ್ನುತ್ತಿತ್ತು. ಕೆಲವೊಮ್ಮೆ ಹಿಂದೆಯೇ ಒಂದು ಕನ್ನಡಿ ಟಪ್ಪೆನ್ನುತ್ತಿತ್ತು. ಒಂದೇ ತಿಂಗಳಲ್ಲಿ ಮೂರು ಕನ್ನಡಿ ಹೋದ ಮೇಲೆ ಶನಿವಾರ ಗೋಡೌನಿನ ಯಜಮಾನರು ಅವನನ್ನು ಕರೆಸಿದರು.

"ನೋಡಪ್ಪಾ, ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಹೊಸ ಸೆಲೂನಿಗೆ ಹನ್ನೆರಡು ಕನ್ನಡಿ ಹೋಗ್ಬೇಕು. ಎಲ್ಲಾ ಆಳೆತ್ತರದ್ದು. ಒಂದೇ ಒಂದು ಬಿರುಕು ಬಿಟ್ರೂ ಮಾರನೇ ದಿನದಿಂದ ಬಿಳಿ ವ್ಯಾನಿನವನ್ನ ಕರೀತೀನಿ. ಬೇಜಾರು ಮಾಡ್ಕೋಬೇಡ."

ಪಿಕಪ್ಪು ಬೇಜಾರು ಮಾಡಿಕೊಳ್ಳಲಿಲ್ಲ, ಹಟ ಮಾಡಿದ. ವಾರದ ಆರು ದಿನವೂ ಅವನಿಗಿದ್ದದ್ದು ಆ ಗೋಡೌನಿನ ಕೆಲಸವೊಂದೇ. ಹಂಪು ಇಳಿಸಬೇಕೆಂದರೆ ಗಲ್ಲಿಯ ಸಭೆ ಕರೆಯಬೇಕು. ಸಭೆ ಕರೆದರೆ ಸೋಮವಾರವಲ್ಲ, ಮುಂದಿನ ವರ್ಷದ ಸೋಮವಾರ. ಹಂಪು ಇಳಿಯದಿದ್ದರೆ ಗಾಡಿ ಏರಲಿ. ಅಂದೇ ಸಂಜೆ ಬಿಡಿಭಾಗದ ಅಂಗಡಿಗೆ ಹೋಗಿ ಗಾಡಿ ಎತ್ತರಿಸುವ ಕಿಟ್ ತಂದ. ಮುಂದಿನ ಸ್ಪ್ರಿಂಗುಗಳ ಮೇಲೆ ಕೂರಿಸಲು ಎರಡು ದಪ್ಪ ಬಿಲ್ಲೆ, ಹಿಂದಿನ ಕಮಾನು ಪಟ್ಟಿಗಳಿಗೂ ಆಕ್ಸಲಿಗೂ ನಡುವೆ ಇಡಲು ಎರಡು ಕಬ್ಬಿಣದ ದಿಮ್ಮಿ, ಅವನ್ನು ಬಿಗಿಯಲು ನಾಲ್ಕು ಉದ್ದನೆಯ ಯು-ಬೋಲ್ಟು. ಅಂಗಡಿಯವನು ಎರಡು ಗಂಟೆಯ ಕೆಲಸ ಎಂದಿದ್ದ. ಅಂಗಡಿಯವರು ಹಾಗೇ ಹೇಳುವುದು.

ಭಾನುವಾರ ಬೆಳಿಗ್ಗೆ ಏಳಕ್ಕೆ ಪಿಕಪ್ಪು ಮನೆಯ ಮುಂದೆ ಗಾಡಿಯನ್ನು ಜಾಕಿನ ಮೇಲೆ ಎತ್ತಿದ. ಏಳೂ ಐದಕ್ಕೆ ಟೈಲರ್ ಹಲ್ಲುಜ್ಜುತ್ತಲೇ ಬಂದು ನಿಂತ.

"ಏನೋ ಇದು, ಪಿಕಪ್ಪೂ?"

"ಗಾಡಿ ಎತ್ತರಿಸ್ತಿದ್ದೀನಿ."

"ಓ, ಪ್ಯಾಂಟಿನ ಮಡಿಕೆ ಬಿಚ್ಚಿ ಉದ್ದ ಮಾಡೋ ಹಾಗೆ." ಟೈಲರ್ ನೊರೆ ಉಗಿದ. "ಹುಷಾರು. ಮಡಿಕೆ ಬಿಚ್ಚಿದ ಮೇಲೆ ಹಳೇ ಗೆರೆ ಹೋಗಲ್ಲ. ನನ್ನ ಮೂವತ್ತು ವರ್ಷದ ಅನುಭವ."

ಏಳೂವರೆಗೆ ಗಲ್ಲಿ ಸಂಘದ ಸೆಕ್ರೆಟರಿ ಬಂದರು. ಅಳತೆ ಇಲಾಖೆಯಿಂದ ನಿವೃತ್ತರಾದವರು. ಇಲಾಖೆ ಅವರನ್ನು ಬಿಟ್ಟಿತ್ತು, ಟೇಪು ಬಿಟ್ಟಿರಲಿಲ್ಲ. ಜೇಬಿನಿಂದ ಅದನ್ನು ಸರ್‍ರನೆ ಎಳೆದು, ಗಾಡಿಯ ಹೊಟ್ಟೆಗೂ ನೆಲಕ್ಕೂ ಹಿಡಿದು, ಪುಟ್ಟ ಡೈರಿಯಲ್ಲಿ ಬರೆದುಕೊಂಡರು.

"ಎಷ್ಟು ಏರಿಸ್ತೀಯ?"

"ಮೂರೂವರೆ ಇಂಚು, ಸಾರ್."

"ಸರಿ. ಮುಗಿದ ಮೇಲೆ ಇನ್ನೊಂದ್ಸಲ ಅಳೀತೀನಿ. ಲೆಕ್ಕಾಚಾರ ಇಲ್ದೆ ಯಾವ ಕೆಲಸವೂ ಮಾಡಬಾರದು."

ಇಂಥ ಮನುಷ್ಯ ಗಲ್ಲಿಗೊಬ್ಬ ಇರಬೇಕು ಎಂದುಕೊಂಡು ಪಿಕಪ್ಪು ಗಾಡಿಯ ಕೆಳಗೆ ತೂರಿದ.

ಮೊದಲನೆಯ ನಟ್ಟೇ ಕದಲಲಿಲ್ಲ. ಹನ್ನೊಂದು ವರ್ಷದ ಕೆಸರು, ತುಕ್ಕು ಸೇರಿ ಅದು ಬೋಲ್ಟಿನ ಜೊತೆ ಸಂಸಾರ ಹೂಡಿತ್ತು. ಎಣ್ಣೆ ಬಿಟ್ಟ, ಸುತ್ತಿಗೆಯಲ್ಲಿ ಬಡಿದ, ಬೈದ. ಕೊನೆಗೆ ಬಾಮೈದನನ್ನು ಎಬ್ಬಿಸಿಕೊಂಡು ಬಂದ. ಬಾಮೈದ ಮೂರು ದಿನಕ್ಕೆಂದು ಬಂದು ಏಳು ತಿಂಗಳಾಗಿದ್ದ ದಢೂತಿ ಆಸಾಮಿ. ಅವನ ತೂಕ ಇವತ್ತಾದರೂ ಉಪಯೋಗಕ್ಕೆ ಬರಲಿ ಎಂಬ ಲೆಕ್ಕ. ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ, "ಇದರ ಮೇಲೆ ಜೋತು ಬೀಳು" ಎಂದ. ಬಾಮೈದ ಜೋತುಬಿದ್ದ. ನಟ್ಟು ಕಟಕ್ಕೆಂದಿತು. ಬಾಮೈದ ಹಲಸಿನ ಹಣ್ಣಿನಂತೆ ಧೊಪ್ಪನೆ ಬಿದ್ದ.

ಪಿಕಪ್ಪಿನ ಹೆಂಡತಿ ಒಳಗಿಂದ ಓಡಿ ಬಂದಳು. "ರೀ, ನನ್ನ ತಮ್ಮನ್ನ ಕೊಲ್ತೀರಾ ಹೇಗೆ? ಸಾಕು ಬಿಡ್ರಿ, ಮೆಕ್ಯಾನಿಕ್ ಕರೀರಿ."

"ಭಾನುವಾರ ಯಾವ ಮೆಕ್ಯಾನಿಕ್ ಬರ್ತಾನೆ? ಒಂದು ಕಳಚಿದೆ, ಇನ್ನು ಏಳು. ಮುಗಿಸೇ ಏಳೋದು."

ಏಳು ನಟ್ಟಿಗೆ ಬಾಮೈದ ಏಳು ಸಲ ಬಿದ್ದ. ಐದನೆಯ ಸಲದ ಹೊತ್ತಿಗೆ ಜನ ಕುರ್ಚಿ ತಂದು ಹಾಕಿಕೊಂಡಿದ್ದರು.

ಹನ್ನೊಂದು ಗಂಟೆಗೆ ಹಿಂದಿನ ದಿಮ್ಮಿಗಳು ಕೂತವು. ಪಿಕಪ್ಪು ಜಾಕು ಇಳಿಸಿ ಹಿಂದೆ ಸರಿದು ನೋಡಿದ. ಬಲಗಡೆ ಸರಿಯಾಗಿತ್ತು. ಎಡಗಡೆಯ ಚಕ್ರ ಮುನಿಸಿಕೊಂಡ ಮಗುವಿನಂತೆ ಓರೆಯಾಗಿ ನಿಂತಿತ್ತು. ಬಗ್ಗಿ ನೋಡಿದರೆ ದಿಮ್ಮಿಯ ಮೇಲಿನ ಬಾಣದ ಗುರುತು ಹಿಂದಕ್ಕಿತ್ತು.

"ಬಾಣ ಮುಂದಕ್ಕಿರಬೇಕು ಅಂತ ಹೇಳಿದ್ನಲ್ಲೋ!"

"ಮುಂದಕ್ಕೇ ಇಟ್ಟಿದ್ದೆ, ಭಾವ."

"ಯಾರ ಮುಂದಕ್ಕೆ?"

"ನನ್ನ ಮುಂದಕ್ಕೆ. ನಾನು ಈ ಕಡೆ ಮುಖ ಮಾಡಿ ಮಲಗಿದ್ದೆ."

ಪಿಕಪ್ಪು ಜಾಕಿನ ಹಿಡಿಗೆ ಕೈ ಹಾಕಿದ. ಗಾಡಿ ಮತ್ತೆ ಮೇಲೆ, ಬೋಲ್ಟು ಮತ್ತೆ ಕೆಳಗೆ.

ಊಟದ ಹೊತ್ತಿಗೆ ಹಿಂಭಾಗ ಮುಗಿದಿತ್ತು, ಮುಂಭಾಗ ಹಾಗೇ ಇತ್ತು. ಗಾಡಿ ಕೆರೆಗೆ ಮೂತಿಯಿಟ್ಟು ನೀರು ಕುಡಿಯುವ ಆಡಿನಂತೆ ಕಾಣುತ್ತಿತ್ತು. ಬಂದುಹೋಗುವವರೆಲ್ಲ ನಿಂತು ಒಂದೊಂದು ಮಾತು ಉದುರಿಸಿದರು. "ಸೊಂಟ ಹಿಡಿದಿದೆಯಾ ಪಾಪ?" ಎಂದ ಒಬ್ಬ. "ಇಲ್ಲ, ಬೀಗರಿಗೆ ನಮಸ್ಕಾರ ಮಾಡ್ತಿದೆ" ಎಂದ ಟೈಲರ್. ಪಿಕಪ್ಪು ಊಟಕ್ಕೂ ಏಳದೆ ಮುಂದಿನ ಚಕ್ರ ಬಿಚ್ಚಿದ. ಹೆಂಡತಿ ಅನ್ನ ಕಲಸಿ ತಂದು, ಗಾಡಿಯ ಕೆಳಗಿಂದ ಚಾಚಿಕೊಂಡಿದ್ದ ಕಾಲುಗಳ ಪಕ್ಕ ತಟ್ಟೆಯಿಟ್ಟು, ಬೈದು ಹೋದಳು. ತಟ್ಟೆ ಮೆಲ್ಲಗೆ ಕೆಳಗೆ ಸರಿದುಹೋಯಿತು; ಖಾಲಿಯಾಗಿ ಈಚೆ ಬಂತು.

ಎಲ್ಲ ಮುಗಿಯಿತು ಎನ್ನುವಾಗ ಕೊನೆಯ ನಟ್ಟು ಕಾಣೆಯಾಯಿತು. ಗಲ್ಲಿಗೆ ಗಲ್ಲಿಯೇ ಬಗ್ಗಿ ಹುಡುಕಿತು. ಟೈಲರ್ ಗುಂಡಿಯ ಡಬ್ಬಿಯನ್ನೆಲ್ಲ ಸುರಿದು ನೋಡಿದ. ಬಾಮೈದನ ಜೇಬು ಕೊಡವಲಾಯಿತು; ಸಿಕ್ಕಿದ್ದು ಎರಡು ಬಿಸ್ಕತ್ತು. ಅರ್ಧ ಗಂಟೆಯ ಮೇಲೆ ಅದು ಸಿಕ್ಕಿದ್ದು ಸೆಕ್ರೆಟರಿಯ ಕುರ್ಚಿಯ ಮೇಲೆ, ತೆರೆದಿಟ್ಟ ಡೈರಿಯ ಮೇಲೆ.

"ಪುಟ ಹಾರ್ತಿತ್ತು, ಅದಕ್ಕೇ ಇಟ್ಟಿದ್ದೆ" ಎಂದರು ಅವರು.

ಮೂರು ಗಂಟೆಗೆ ಗಾಡಿ ನಾಲ್ಕೂ ಚಕ್ರದ ಮೇಲೆ ನೆಟ್ಟಗೆ ನಿಂತಿತು. ಸೆಕ್ರೆಟರಿ ಮತ್ತೆ ಟೇಪು ಹಿಡಿದರು. "ಸರಿಯಾಗಿ ಮೂರೂವರೆ. ಭೇಷ್!"

ಪಿಕಪ್ಪು ಗ್ರೀಸು ಮೆತ್ತಿದ ಕೈಯಲ್ಲೇ ಸ್ಟಿಯರಿಂಗ್ ಹಿಡಿದು ಹೊರಟ. ಹಂಪು ಬಂತು. ಹಳೆಯ ಅಭ್ಯಾಸಕ್ಕೆ ಕಾಲು ಬ್ರೇಕಿಗೆ ಹೋಯಿತು. ಹಟದಿಂದ ಅದನ್ನು ಆಚೆ ಎತ್ತಿಟ್ಟ. ಗಾಡಿ ಒಮ್ಮೆ ಮೇಲೆದ್ದು, ಒಮ್ಮೆ ಇಳಿದು, ದೋಣಿಯಂತೆ ದಾಟಿಹೋಯಿತು. ಕರ್ರೆನ್ನಲಿಲ್ಲ. ಅವನು ತಿರುಗಿ ಬಂದ, ಮತ್ತೆ ಹೋದ, ಮತ್ತೆ ಬಂದ. ಕುರ್ಚಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು.

ಸೆಕ್ರೆಟರಿ ಮಾತ್ರ ಚಪ್ಪಾಳೆ ತಟ್ಟದೆ ಯೋಚಿಸುತ್ತಿದ್ದರು. "ಖಾಲಿ ಗಾಡಿ ಓಡಿಸಿದ್ರೆ ಏನು ಬಂತಪ್ಪಾ? ಭಾರ ಹಾಕಿ ನೋಡ್ಬೇಕು. ಹೇಗೂ ಗಲ್ಲಿ ಕೆಲಸಕ್ಕೆ ನಾಲ್ಕು ಚೀಲ ಸಿಮೆಂಟು, ಒಂದಿಷ್ಟು ಜಲ್ಲಿ ಬೇಕಿತ್ತು. ತಂದುಬಿಡು. ನಿನಗೆ ಟೆಸ್ಟೂ ಆಯ್ತು, ಸಂಘಕ್ಕೆ ಉಪಕಾರವೂ ಆಯ್ತು."

ಮಾತು ನ್ಯಾಯವಾಗಿತ್ತು. ಪಿಕಪ್ಪು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹೆಂಡತಿಯ ಕಪಾಟಿನ ಕನ್ನಡಿಯನ್ನೂ ಕಳಚಿ, ಹಿಂದೆ ಕೂತ ಬಾಮೈದನ ಕೈಗೆ ಕೊಟ್ಟ. "ಅದು ಒಡೀಲಿ, ಆಮೇಲೆ ನೀವಿಬ್ರೂ ಹೊರಗೇ ಮಲಗಿ" ಎಂದಳು ಅವಳು.

ಸಿಮೆಂಟು, ಜಲ್ಲಿ, ಬಾಮೈದ, ಕನ್ನಡಿ ಎಲ್ಲ ಸೇರಿ ಒಂದು ಲೋಡು. ಗಾಡಿ ಅದೇ ವೇಗದಲ್ಲಿ ಹಂಪು ಹತ್ತಿ ಇಳಿಯಿತು. ಬಾಮೈದ ಕನ್ನಡಿಯನ್ನು ಎತ್ತಿ ತೋರಿಸಿದ. ಕೂದಲೆಳೆಯಷ್ಟು ಬಿರುಕೂ ಇರಲಿಲ್ಲ. ಅದರಲ್ಲಿ ಪಿಕಪ್ಪಿಗೆ ತನ್ನ ಮುಖ ಕಂಡಿತು. ಮಸಿ ಹಿಡಿದಿದ್ದರೂ ಗೆದ್ದವನ ಮುಖ.

ಒಂದು ಕೆಲಸ ಉಳಿದಿತ್ತು. ಗಾಡಿ ಎತ್ತರಿಸಿದ ಮೇಲೆ ಚಕ್ರಗಳ ಅಲೈನ್‌ಮೆಂಟ್ ಸರಿಮಾಡಿಸಬೇಕು, ಇಲ್ಲದಿದ್ದರೆ ಟೈರು ಒಂದೇ ಕಡೆ ಸವೆಯುತ್ತದೆ. ಸಾಮಾನು ಇಳಿಸಿ, ದೊಡ್ಡ ರಸ್ತೆಯಲ್ಲಿ ಭಾನುವಾರವೂ ತೆರೆದಿರುತ್ತಿದ್ದ ಒಂದೇ ಅಂಗಡಿಗೆ ಹೋದ. ಅಲ್ಲಿ ಎರಡು ಗಂಟೆ ಕಾದ. ಕಾದದ್ದೂ ಸುಖವಾಗಿತ್ತು.

ಆರು ಗಂಟೆಗೆ ಹಾಡು ಗುನುಗುತ್ತ ಗಲ್ಲಿಯ ಬಾಯಿಗೆ ಬಂದವನು ಗಕ್ಕನೆ ಬ್ರೇಕು ಒತ್ತಿದ.

ಹಂಪು ಬೆಳೆದಿತ್ತು. ಹಸಿ ಸಿಮೆಂಟು ಸಂಜೆಯ ಬೆಳಕಿಗೆ ಮಿರಿಮಿರಿ ಮಿಂಚುತ್ತಿತ್ತು. ಗಾರೆಯವನು ಕೊನೆಯ ಸಲ ಕರಣೆ ಸವರುತ್ತಿದ್ದ. ಸೆಕ್ರೆಟರಿ ಟೇಪು ಸುತ್ತುತ್ತಿದ್ದರು.

"ಏನ್ ಸಾರ್ ಇದು?" ಪಿಕಪ್ಪು ಗಾಡಿಯಿಂದ ಧುಮುಕಿದ.

"ಮೂರೂವರೆ ಇಂಚು ಏರಿಸಿದ್ವಿ" ಎಂದರು ಸೆಕ್ರೆಟರಿ ಸಮಾಧಾನದಿಂದ. "ಹಂಪು ಇರೋದು ಯಾತಕ್ಕೆ? ಗಾಡಿ ನಿಧಾನ ಆಗೋಕೆ. ಇಡೀ ಗಲ್ಲಿಯ ಕಣ್ಣೆದುರು ನೀನು ನಾಲ್ಕೈದು ಸಲ ನಿಧಾನ ಮಾಡದೇ ದಾಟಿದೆ. ಅಂದ್ರೆ ಹಂಪು ಕೆಟ್ಟಿದೆ ಅಂತ ಅರ್ಥ. ಹೇಗೂ ಎಲ್ಲರೂ ಕುರ್ಚಿ ಹಾಕ್ಕೊಂಡು ಕೂತಿದ್ರು, ಅಲ್ಲೇ ಸಭೆ ಮಾಡಿ ರಿಪೇರಿ ಮಾಡಿಸಿದ್ವಿ. ಮೂರು ದಿನ ಯಾರೂ ಹತ್ತಿಸೋ ಹಾಗಿಲ್ಲ."

"ನನ್ನ ಸಿಮೆಂಟಲ್ಲೇ?"

"ಸಂಘದ ಸಿಮೆಂಟು. ತಂದವನು ನೀನು. ಅದನ್ನ ನೋಟೀಸ್ ಬೋರ್ಡಲ್ಲಿ ಹಾಕ್ತೀವಿ."

ಟೈಲರ್ ಪಿಕಪ್ಪಿನ ಹೆಗಲು ತಟ್ಟಿದ. "ನನ್ನ ಇಸ್ತ್ರಿ ಮೇಜನ್ನೂ ನೋಡ್ಬೇಕಲ್ವಾ, ಮಾರಾಯ?"

ಗದ್ದಲ ಕೇಳಿ ಕನ್ನಡಿ ಯಜಮಾನರೂ ಗೋಡೌನಿನಿಂದ ಬಂದರು. ಹಂಪನ್ನು ನೋಡಿದರು, ಗಾಡಿಯನ್ನು ನೋಡಿದರು, ಮನಸ್ಸಿನಲ್ಲೇ ಏನೋ ಗುಣಿಸಿದರು.

"ಚಿಂತೆ ಬೇಡಿ ಯಜಮಾನ್ರೇ" ಎಂದ ಪಿಕಪ್ಪು. ಅವನ ಹಟ ಇನ್ನೂ ಸತ್ತಿರಲಿಲ್ಲ. "ಗಾಡಿ ಇಲ್ಲೇ ಹಂಪಿನ ಈಚೆ ನಿಂತಿರುತ್ತೆ. ಕನ್ನಡಿಗಳನ್ನ ಕೈಲೇ ಹೊತ್ತು ತಂದು ತುಂಬೋಣ. ಹಂಪಿನ ರಗಳೆಯೇ ಇಲ್ಲ."

"ಅದೂ ಸರಿ" ಎಂದ ಯಜಮಾನರು ಗಾಡಿಯ ಹಿಂದೆ ಹೋಗಿ ನಿಂತರು. ಮೊದಲು ಸೊಂಟದ ಮಟ್ಟಕ್ಕಿದ್ದ ಹಲಗೆ ಈಗ ಹೊಟ್ಟೆಯ ಮಟ್ಟಕ್ಕೆ ಬರುತ್ತಿತ್ತು. ಅವರು ಎರಡೂ ಕೈ ಎತ್ತಿ, ಗಾಳಿಯಲ್ಲೇ ಒಂದು ಆಳೆತ್ತರದ ಕನ್ನಡಿಯನ್ನು ಹಿಡಿದು, ಮೇಲಿಡಲು ನೋಡಿದರು. ಗಾಳಿಯ ಕನ್ನಡಿ ಕೈಜಾರಿತು.

"ಆಗಲ್ಲಪ್ಪಾ. ಗೋಡೌನಲ್ಲಾದ್ರೆ ಕಟ್ಟೆ ಇದೆ, ರಸ್ತೇಲಿ ಏನಿದೆ? ಇಷ್ಟೆತ್ತರ ಎತ್ತೋಕೆ ಹೋದ್ರೆ ಹತ್ತಿಸುವಾಗಲೇ ನಾಲ್ಕು ಹೋಗುತ್ತೆ." ಅವರು ಫೋನು ತೆಗೆದರು. "ಬಿಳಿ ವ್ಯಾನು ತಗ್ಗಾಗಿದೆ, ಮೊಣಕಾಲಿನ ಮಟ್ಟಕ್ಕೆ. ಹಂಪಿನ ಹೆಸರು ಹೇಳಿ ಇಷ್ಟು ದಿನ ಅವನು ದುಪ್ಪಟ್ಟು ಬಾಡಿಗೆ ಕೇಳ್ತಿದ್ದ. ಈಗ ಹಂಪು ದಾಟೋ ಪ್ರಶ್ನೆಯೇ ಇಲ್ವಲ್ಲ."

"ಯಜಮಾನ್ರೇ!" ಪಿಕಪ್ಪು ಫೋನಿಗೆ ಅಡ್ಡ ಕೈ ಇಟ್ಟ. "ಬೆಳಿಗ್ಗೆ ಒಂಬತ್ತಕ್ಕೆ ನನ್ನ ಗಾಡಿಯೂ ತಗ್ಗಾಗಿರುತ್ತೆ. ಅಲ್ಲಿವರೆಗೆ ಯಾರಿಗೂ ಫೋನ್ ಮಾಡ್ಬೇಡಿ."

ಯಜಮಾನರು ಅವನ ಮುಖ ನೋಡಿ, ಫೋನನ್ನು ಜೇಬಿಗಿಟ್ಟರು. "ಒಂಬತ್ತು ಅಂದ್ರೆ ಒಂಬತ್ತು" ಎಂದು ಹೋದರು.

ಪಿಕಪ್ಪು ಜಾಕು ಹೊರತೆಗೆದು ಗಾಡಿಯನ್ನು ಎತ್ತಿದ, ಚೀಲದಿಂದ ಸ್ಪ್ಯಾನರು ತೆಗೆದ, ಪೈಪು ಸಿಕ್ಕಿಸಿದ. ಕರೆಯುವ ಮೊದಲೇ ಬಾಮೈದ ಸೊಂಟ ಹಿಡಿದುಕೊಂಡು ಬಂದ. ಕುರ್ಚಿಗಳು ಒಂದೊಂದಾಗಿ ಗಲ್ಲಿಯ ಬಾಯಿಗೆ ಬಂದವು. ಪಿಕಪ್ಪು ಬೆನ್ನ ಮೇಲೆ ತೆವಳಿ ಗಾಡಿಯ ಕೆಳಗೆ ಹೋಗಿ, ಬೆಳಿಗ್ಗೆ ಕೂರಿಸಿದ್ದ ದಿಮ್ಮಿಯ ಮೊದಲ ನಟ್ಟಿಗೆ ಸ್ಪ್ಯಾನರು ಹಾಕಿದ.

ಆಗ ಚಕ್ರದ ಪಕ್ಕದಲ್ಲಿ ಒಂದು ಟೇಪು ಸರ್‍ರನೆ ಇಳಿದು ಬಂತು. ಅದರ ಹಿಂದೆ ಡೈರಿ, ಡೈರಿಯ ಹಿಂದೆ ಸೆಕ್ರೆಟರಿಯ ಕನ್ನಡಕ.

"ಎಷ್ಟು ಇಳಿಸ್ತಿದ್ದೀಯಪ್ಪಾ? ಈಗಲೇ ಹೇಳ್ಬಿಡು, ಸಿಮೆಂಟು ಇನ್ನೂ ಹಸಿ ಇದೆ."