ಅತ್ತೆ ಡಮ್ಮಿಯಾದ ಭಾನುವಾರ

ಇದನ್ನು ಬರೆಯುವ ಮೊದಲು ಹಳೆಯ ದಿನಚರಿ ತೆಗೆದು ನೋಡಿದೆ. ಆ ಭಾನುವಾರದ ಹಾಳೆಯಲ್ಲಿ ‘ಎಲ್ಲ ಸುಸೂತ್ರ’ ಎಂದಷ್ಟೇ ಇದೆ. ಬರೆದವಳು ನಾನೇ ಆದ್ದರಿಂದ ಪೂರ್ತಿ ನಂಬುವ ಹಾಗಿಲ್ಲ. ಉಳಿದದ್ದು ನೆನಪಿನ ಮಾತು, ಅದರಲ್ಲಿ ಕೆಲವು ವಿವರ ತಪ್ಪಿರಬಹುದು. ಎಂಬತ್ತರ ದಶಕದ ಕೊನೆ ಎಂಬುದು ಮಾತ್ರ ಖಚಿತ. ಶಿಗ್ಗಾಂವಿಯ ನಮ್ಮ ಬೀಜದ ಕಂಪನಿಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಅದರ ಕೋಣೆಗೆ ಎಲ್ಲರೂ ಚಪ್ಪಲಿ ಬಿಟ್ಟು ಹೋಗುತ್ತಿದ್ದರು.

ಬೆಳಿಗ್ಗೆ ಕಂಪ್ಯೂಟರಿನೊಳಗಿನ ಪ್ರೋಗ್ರಾಮುಗಳನ್ನು ಒಂದಾದ ಮೇಲೊಂದು ಎಬ್ಬಿಸಿ, ಸಂಜೆ ಕೊನೆಯದರಿಂದ ಮೊದಲಿನದರವರೆಗೆ ಮಲಗಿಸುವ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಅದನ್ನು ಪರೀಕ್ಷಿಸಲು ಅಸಲಿ ಪ್ರೋಗ್ರಾಮನ್ನೇ ಬಳಸಿದರೆ, ಎಡವಟ್ಟಾದಾಗ ಬೀಜದ ದಾಸ್ತಾನಿನ ದಾಖಲೆಯೇ ಕೆಡುತ್ತದೆ. ಅದಕ್ಕೆ ಒಂದು ಡಮ್ಮಿ ಬರೆದೆ. ಎಬ್ಬಿಸಿದರೆ ‘ಎದ್ದೆ’, ಮಲಗಿಸಿದರೆ ‘ಮಲಗಿದೆ’ ಎನ್ನುವುದು. ನಡುವೆ ಏನೂ ಮಾಡದು. “ಏನೂ ಮಾಡದ್ದನ್ನ ಮಾಡಾಕ ನಾಕ್ ದಿನ ಬೇಕಾತೇನ್ರಿ?” ಎಂದರು ಸಾಹೇಬರು.

ಮನೆಯಲ್ಲಿ ಈ ಸಂಗತಿ ಹೇಳಿದಾಗ ಅತ್ತೆ ಮಾತ್ರ ಕಿವಿಗೊಟ್ಟಳು. ಅಪ್ಪನ ಅಕ್ಕ; ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಾನು ಹುಟ್ಟುವ ಮೊದಲೇ ನಮ್ಮ ಮನೆಗೆ ಬಂದವಳು. “ಏನೂ ಮಾಡೂದಿಲ್ಲ? ಮತ್ತ ಅದಕ್ಕ ಯಾರೂ ಬೈಯೂದಿಲ್ಲಾ?” ಎಂದಳು. ದನಿಯಲ್ಲಿ ಹೊಟ್ಟೆಕಿಚ್ಚಿತ್ತು. ಚಿಕ್ಕೇರೂರಿನ ತಂಗಿಯ ಮನೆಯಲ್ಲಿ ಎಂಟು ದಿನ ಇದ್ದು ಬರಬೇಕೆಂಬುದು ಅವಳ ಬಹುಕಾಲದ ಆಸೆ. ಪ್ರತಿಸಲವೂ ಅಪ್ಪ, “ನೀ ಹೋದ್ರ ಮನಿ ನಡೀತೈತೇನಕ್ಕಾ?” ಎಂದು ಅಕ್ಕರೆಯಿಂದ ಹೇಳುತ್ತಿದ್ದ, ಆ ಅಕ್ಕರೆಗೆ ಅವಳ ಕೈಚೀಲ ಮತ್ತೆ ಟ್ರಂಕಿಗೆ ಸೇರುತ್ತಿತ್ತು.

ಪರೀಕ್ಷೆ ಮಾಡೋಣ ಎಂದೆ. ಭಾನುವಾರ ಅತ್ತೆ ಮನೆಯಲ್ಲೇ ಇರುತ್ತಾಳೆ, ಆದರೆ ಕಡ್ಡಿಯನ್ನೂ ಎತ್ತಿಡುವುದಿಲ್ಲ; ಒಲೆಯಿಂದ ಹಿಡಿದು ಅವಳ ಕೆಲಸವೆಲ್ಲ ಅವತ್ತು ಅವ್ವನದು. ಮನೆ ತಾನಾಗಿ ಎದ್ದು ತಾನಾಗಿ ಮಲಗಿದರೆ ಅವಳು ಚಿಕ್ಕೇರೂರಿಗೆ. ಅಪ್ಪ ಒಪ್ಪಿದ, ನಾವಿಬ್ಬರೂ ಸೋಲುತ್ತೇವೆಂಬ ಭರವಸೆಯಿಂದ.

ನಾನು ಪೆನ್ಸಿಲ್ಲು ಹಿಡಿದು ಹೊರಬರುವಷ್ಟರಲ್ಲಿ ಒಲೆ ಉರಿಯುತ್ತಿತ್ತು, ಸ್ನಾನದ ನೀರು ಕಾದಿತ್ತು. ಅತ್ತೆ ಕಟ್ಟೆಯ ಮೇಲೆ ಕೈಗಳನ್ನು ಸೆರಗಿನಲ್ಲಿ ಸುತ್ತಿ ಕುಳಿತಿದ್ದಳು. “ಎದ್ದೇನಿ, ಬರಕೋ,” ಎಂದಳು. ಸ್ವಲ್ಪ ಹೊತ್ತಿಗೆ, “ಯವ್ವಾ, ರೊಟ್ಟಿ ಸೀಯಾಕತ್ತೈತಿ!”

“ಅತ್ತೀ, ಡಮ್ಮಿ ಮಾತಾಡೂದಿಲ್ಲ.”

“ಮೂಗಾದ್ರೂ ಇರತೈತೋ ಇಲ್ಲೋ ನಿನ್ನ ಡಮ್ಮಿಗೆ?”

ಅಪ್ಪ ಓದುವ ಚಾಳೀಸು ಹುಡುಕುತ್ತ ಮೂರು ಸಲ ಅವಳ ಮುಂದೆ ಸುಳಿದ. ಮೂರನೆಯ ಸಲ ಅತ್ತೆ ಗೋಡೆಯ ಗೂಡಿನತ್ತ ನೋಡಿದಳು. ನೋಡುವುದು ಕೆಲಸವೋ ಅಲ್ಲವೋ ಎಂಬುದನ್ನು ನಾನು ಮೊದಲೇ ಬರೆದಿಟ್ಟಿರಲಿಲ್ಲ. ಮಧ್ಯಾಹ್ನ ಅಪ್ಪ ಕರಕಲು ರೊಟ್ಟಿಯನ್ನೇ ತಿಂದ. ಸಂಜೆ ದೀಪ ಹಚ್ಚಿ, ಊಟ ಮುಗಿದು, ಪಾತ್ರೆಗಳೂ ಬೋರಲಾದವು. ಗೆದ್ದೆವು ಎಂದು ನಾನು ಕುಣಿದೆ.

ಅತ್ತೆ ಹಾಸಿಗೆಯ ಮೇಲೆ ಕುಳಿತು, “ಹಂಗಾರ ನಾ ಇಲ್ಲದಿದ್ರೂ ನಡೀತೈತಿ,” ಎಂದಳು, ಯಾರಿಗೂ ಅಲ್ಲದಂತೆ. ಕಂಪನಿಯ ಡಮ್ಮಿ ಇಂಥದ್ದೇನನ್ನೂ ಎಂದೂ ಹೇಳಿರಲಿಲ್ಲ. ನಾನು ಪೆನ್ಸಿಲ್ಲು ಕೆಳಗಿಟ್ಟೆ.

ಮರುದಿನ ಅಪ್ಪನೇ ಅವಳನ್ನು ಚಿಕ್ಕೇರೂರಿಗೆ ಹೋಗಲು ಹಿರೇಕೆರೂರಿನ ಬಸ್ಸಿಗೆ ಹತ್ತಿಸಿದ. ಎಂಟನೆಯ ದಿನ ಕಾರ್ಡು ಬಂತು: ‘ಇನ್ನೂ ಎಂಟ ದಿನ ಇರ್ತೇನಿ.’

ಎಷ್ಟೋ ವರ್ಷ ಆ ಪರೀಕ್ಷೆಯ ಬಗ್ಗೆ ಬೀಗಿದ್ದೆ. ಅತ್ತೆ ತೀರಿಕೊಂಡ ಮೇಲೆ ಒಂದು ದಿನ ಹೊಳೆಯಿತು: ಮನೆ ಏಳುವುದನ್ನು ಪರೀಕ್ಷಿಸಬೇಕಾದ ನಾನೇ ಒಲೆ ಹೊತ್ತಿದಾಗ ಇನ್ನೂ ಎದ್ದಿರಲಿಲ್ಲ. ಬೆಳಗಿನ ಒಲೆಯೋ, ಅವ್ವನ ಕೈಗೆ ಎಂದೂ ಸಲೀಸಾಗಿ ಹತ್ತಿದ್ದಲ್ಲ. ಮೊನ್ನೆ ಅವರೆಕಾಯಿ ಸುಲಿಯುತ್ತಿದ್ದ ಅವ್ವನನ್ನು ಕೇಳಿದೆ: “ಖರೇ ಹೇಳವ್ವಾ, ಅವತ್ತ ಒಲಿ ಹಚ್ಚಿದಾಕಿ ನೀನೋ, ಅತ್ತಿಯೋ?”

ಅವ್ವ ಬುಟ್ಟಿಯನ್ನು ನನ್ನತ್ತ ಸರಿಸಿದಳು. “ಮೊದಲ ಇದನ್ನ ಸುಲಿ,” ಎಂದಳು.