ಹಸಿರು ಸ್ಟಿಕ್ಕರಿನ ಬಿಯರು

ಗೋಡೆ ಹತ್ತುವ ಇರುವೆಯ ಎಡಗಾಲು ಬಲಗಾಲಿಗಿಂತ ಎಷ್ಟು ಮೈಕ್ರಾನ್ ಗಿಡ್ಡ ಎಂದು ಕೂತಲ್ಲಿಂದಲೇ ಹೇಳಬಲ್ಲವರು ಇಡೀ ಪೀಣ್ಯದಲ್ಲಿ ಒಬ್ಬರೇ, ಈಶಪ್ಪ. ಹಾಗೆಂದು ಅವರೇ ಹೇಳಿದ ಮೇಲೆ ನಂಬದೆ ಉಪಾಯವಿಲ್ಲ. ಕಾರ್ಖಾನೆಯ ಅಳತೆಯ ಗೇಜುಗಳನ್ನೆಲ್ಲ ಅಳೆದು, ಅಂಕಿ ಬರೆದು, ಸಹಿ ಹಾಕಿ, ‘ಓಕೆ’ ಎಂಬ ಹಸಿರು ಸ್ಟಿಕ್ಕರ್ ಅಂಟಿಸುವುದು ಅವರ ಕೆಲಸ. ಅದು ಬಿದ್ದ ಮೇಲೆ ಬ್ರಹ್ಮನೂ ಮರುಅಳತೆ ಕೇಳುವಂತಿಲ್ಲ.

ಇಂಥವರು ಮನೆಯಲ್ಲಿ ಬಿಯರ್ ಮಾಡಿದರೆ ಅದಕ್ಕೂ ಸ್ಟಿಕ್ಕರ್ ಬೇಡವೇ? ಜಾಲಹಳ್ಳಿಯ ಫ್ಲ್ಯಾಟಿನಲ್ಲಿ ಎರಡು ವಾರದಿಂದ ಹುದುಗುತ್ತಿದ್ದ ನಲ್ಲಿಯಿದ್ದ ಇಪ್ಪತ್ತು ಲೀಟರಿನ ಡ್ರಮ್ಮಿನ ಮೇಲೆ ಅದು ಹೊಳೆಯುತ್ತಿತ್ತು: ‘ಅಂತಿಮ ಸಾಂದ್ರತೆ 1.012. ಓಕೆ. ಗುರುವಾರ. ಈಶಪ್ಪ.’ ಹೆಂಡತಿ ಶಾಂಭವಿಗೆ ಮಾತ್ರ ಸೊಂಟ ಹಿಡಿದು ನರಳುತ್ತಾ, “ಕಿಡ್ನಿ ಕಲ್ಲಿಗೆ ಬಾರ್ಲಿ ಕಷಾಯ ಕಣೇ” ಎಂದಿದ್ದರು.

ಭಾನುವಾರ ಶಾಂಭವಿ ನಾಮಕರಣಕ್ಕೆಂದು ಚಿಕ್ಕಬಾಣಾವರಕ್ಕೆ ಹೊರಟದ್ದೇ ತಡ, ಪರ್ಚೇಸಿನ ಮಲ್ಲಿಕ್, ಫಿಟ್ಟರ್ ಹಣಮಂತ ಹಾಜರ್.

ಮಲ್ಲಿಕ್‌ನದು ಅನುಮಾನದ ಜೀವ. ಗ್ಲಾಸಿಗಿಂತ ಮೊದಲು ಸಾಂದ್ರತೆ ಅಳೆಯುವ ಗಾಜಿನ ಕಡ್ಡಿ ಕೇಳಿದ. ಸಿಹಿ ಉಳಿದಷ್ಟೂ ಕಡ್ಡಿ ಮೇಲೆ ತೇಲಬೇಕು. ಅದೋ, ನೈಟ್ ಶಿಫ್ಟ್ ಮುಗಿಸಿದವನಂತೆ ಕುಸಿದು 1.004ಕ್ಕೆ ನಿಂತಿತು.

“ಸಾರ್, ನಿಮ್ ಹನ್ನೆರಡು ನಾಲ್ಕಾಗೋಗಿದೆ!”

“ಗುರುವಾರ ನಾನೇ ಅಳೆದಿದ್ದೀನಿ ಕಣೋ. ಎರಡು ಸಲ!”

ಸ್ಟಿಕ್ಕರ್ ಸುಳ್ಳೆಂದಾದರೆ ಅವರ ಹನ್ನೆರಡು ವರ್ಷದ ಹೆಸರು ಸೋಮವಾರ ಕ್ಯಾಂಟೀನಿನ ಉಪ್ಪಿಟ್ಟಿಗೆ ಚಟ್ನಿ.

“ಕಡ್ಡೀನ ಕೆಟ್ಟಿರಬೇಕ್ರಿ ಸರ,” ಎಂದ ಹಣಮಂತ. ಬರೀ ನೀರಿಗಿಳಿಸಿದರೆ ಕಡ್ಡಿ ಸರಿಯಾಗಿ 1.000 ತೋರಿಸಿ ಈಶಪ್ಪನವರಿಗೇ ದ್ರೋಹ ಬಗೆಯಿತು. ಸೆಕೆಗೆ ಹೀಗಾಗಿರಬಹುದೆಂದು ಬಿಯರನ್ನು ಐಸಿನಲ್ಲಿಟ್ಟು ತಣಿಸಿದರು. ಉಹುಂ.

“ಯಾವ್ದೋ ಕಾಡು ಯೀಸ್ಟ್ ಸೇರ್ಕೊಂಡು ಸಕ್ಕರೆನೆಲ್ಲ ನುಂಗಿರ್ಬೇಕು,” ಎಂದ ಮಲ್ಲಿಕ್.

ಈಶಪ್ಪನವರ ಮುಖ ಬೆಳಗಿತು. “ಅದೇ! ನುಂಗಿದ ಸಕ್ಕರೆ ಏನಾಗತ್ತೆ? ಅಮಲಾಗತ್ತೆ! ಇದು ಬಿಯರಲ್ಲ ಮಗಾ, ಸಿಡಿಮದ್ದು. ಎರಡನೇ ಗ್ಲಾಸಿಗೆ ಆನೆ ಮಲಗತ್ತೆ. ಕುಡಿದೂ ಏರದಿದ್ರೆ ಅವನು ಗಂಡಸೇ ಅಲ್ಲ.”

“ಸಪ್ಪಗೈತಲ್ರೀ ಸರ,” ಎಂದ ಹಣಮಂತ ಒಂದು ಗುಟುಕು ಹೀರಿ.

“ಜೋರಿನ ಮಾಲು ಹಂಗೇ. ಸದ್ದಿಲ್ದೆ ಹೊಡೆಯತ್ತೆ.”

ಇಷ್ಟಾದ ಮೇಲೆ ಏರಲಿಲ್ಲ ಎನ್ನುವ ಧೈರ್ಯ ಯಾರಿಗಿದೆ? ಮೊದಲ ಗ್ಲಾಸಿಗೇ ಹಣಮಂತ ನೆಲಕ್ಕೊರಗಿ ಹಾಡತೊಡಗಿದ. ಮಲ್ಲಿಕ್ ಕಿಟಕಿಯಾಚೆ ಏಳುತ್ತಿದ್ದ ಮೆಟ್ರೋ ಕಂಬಗಳು ಓಲಾಡುತ್ತಿವೆಯೆಂದು ಅತ್ತ. ತಮ್ಮ ಬಿಯರಿಗೆ ತಾವೇ ಅವಮಾನ ಮಾಡಬಾರದೆಂದು ಈಶಪ್ಪನವರೂ ಗೋಡೆ ಹಿಡಿದರು.

ಬಾಗಿಲು ತೆರೆಯಿತು. ಬೇಗ ಹಿಂದಿರುಗಿದ ಶಾಂಭವಿ. ಬೆನ್ನಿಗೆ, ಚೊಂಬು ಹಿಡಿದ ಪಕ್ಕದ ಮನೆಯ ಗೌರಮ್ಮ.

“ಅಯ್ಯೋ, ಇವರಿಗೂ ಕಲ್ಲೇನ್ರೀ?” ಎಂದಳು ಶಾಂಭವಿ.

ಗೌರಮ್ಮ ಸೀದಾ ಡ್ರಮ್ಮಿನ ಹತ್ತಿರ ಹೋದರು. “ಈಶಪ್ಪಾರ, ನಿಮ್ಮ ಕಷಾಯಕ್ಕ ಕೈ ಮುಗೀಬೇಕ್ರಿ. ಎರಡು ಲೋಟ ಕುಡದ್ರ ನೋವಿರಲಿ, ನನ್ನ ಹೆಸರ ನೆನಪಿರ್ತಿರಲಿಲ್ಲ. ಈ ಬುಧವಾರದಿಂದ ಯಾಕೋ ಬರೇ ನೀರು ನೋಡ್ರಿ.”

“ಬಿಲ್ಡಿಂಗಲ್ಲಿ ಮೂರು ಜನಕ್ಕೆ ಕಲ್ಲು,” ಎಂದಳು ಶಾಂಭವಿ. “ಹತ್ತು ದಿನದಿಂದ ದಿನಾ ಎರಡು ಚೊಂಬು ತೆಗೆದು ಕೊಟ್ಟೆ. ನಿಮಗೆ ಕಮ್ಮಿ ಆಗ್ಬಾರ್ದು ಅಂತ ಎರಡು ಚೊಂಬು ನೀರು ಹುಯ್ದೆ. ತಪ್ಪಾಯ್ತಾ?”

ಹಣಮಂತನ ಹಾಡು ಅರ್ಧಕ್ಕೇ ನಿಂತಿತು. ಮಲ್ಲಿಕ್ ಕಣ್ಣೊರೆಸಿಕೊಂಡು ನೆಟ್ಟಗೆ ಕೂತ. ಗೋಡೆ ಬಿಡಲು ಮರೆತವರು ಈಶಪ್ಪ ಒಬ್ಬರೇ.

“ಅದು ಕಷಾಯ ಅಲ್ಲ ಕಣೇ, ಬಿಯರು,” ಎಂದರು ಗೋಡೆಗೆ. “ನನಗೆ ಕಲ್ಲೂ ಇಲ್ಲ.”

ಶಾಂಭವಿಯ ಮುಖ ನೋಡಲು ಯಾರಿಗೂ ಧೈರ್ಯವಾಗಲಿಲ್ಲ. ಗೌರಮ್ಮ ಮಾತ್ರ ಚೊಂಬನ್ನು ಸೆರಗಿನಡಿ ಸರಿಸಿ, “ಬರೋ ಸಲ ನೀರು ಹಾಕೋದಕ್ಕಿಂತ ಮೊದ್ಲ ನಂದು ತಗದಿಡವ್ವಾ” ಎಂದು ಪಿಸುಗುಟ್ಟಿ ಹೊರಟರು.

ಮಲ್ಲಿಕ್‌ನ ಬೆರಳು ಮೆಲ್ಲಗೆ ಸ್ಟಿಕ್ಕರಿನ ಮೇಲೆ ಬಂತು. “ಸಾರ್, ಬುಧವಾರಾನೇ ನೀರಾಗಿದ್ರೆ ಗುರುವಾರ 1.012 ಹೆಂಗ್ ಬಂತು? ಅದೂ ಎರಡು ಸಲ?”

ಈಶಪ್ಪ ಗೋಡೆ ಬಿಟ್ಟು ಡ್ರಮ್ಮಿನ ಹತ್ತಿರ ಬಂದರು. “ಅಳೆದಿರ್ಲಿಲ್ಲ ಕಣೋ. ಬಿಯರ್ ಮಾಡೋ ಪುಸ್ತಕದಲ್ಲಿದ್ದ ಅಂಕಿ ಬರೆದೆ.”

“ಮತ್ತೆ ಫ್ಯಾಕ್ಟರಿ ಗೇಜುಗಳು?”

“ಛೆ ಛೆ! ಅವನ್ನೆಲ್ಲ ಅಳೆದೇ ಬರೆದಿದ್ದು,” ಎಂದ ಈಶಪ್ಪ ಸ್ಟಿಕ್ಕರಿನ ಮೂಲೆಯನ್ನು ಉಗುರಿನಿಂದ ಕೀಳುತ್ತಾ ದನಿ ತಗ್ಗಿಸಿದರು. “ಬಹುತೇಕ.”