ಕೋಳಿಗೆ ಥಂಡಿ ಆಗಬಾರದು

ಮೂರು ದಿನದಿಂದ ಹಿಡಿದ ಜಿಟಿಜಿಟಿ ಮಳೆ ಶಹಾಬಾದನ್ನು ಬಿಡಲು ತಯಾರಿರಲಿಲ್ಲ. ನೆಲಕ್ಕೆ ಹಾಸುವ ಪರ್ಸಿ ಕಲ್ಲಿಗೆ ಪಾಲಿಶ್ ಹಾಕುವ ಯಾರ್ಡಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಅಂಬಾರಾಯನಿಗೆ ಅಂದು ವಾರದ ರಜೆ. ಹೆಂಡತಿ ನಾಗರತ್ನಾ ತನ್ನ ಅಕ್ಕನ ಕೂಸು ನೋಡಲು ಚಿಂಚೋಳಿಗೆ ಹೋಗಿ ಎರಡು ದಿನವಾಗಿತ್ತು. ಇಡೀ ದಿನ ಮಲಗುವುದೆಂದುಕೊಂಡು ಕಾಲು ತೊಳೆಯಲು ಹಿತ್ತಲಿಗೆ ಹೋದದ್ದೇ ತಪ್ಪಾಯಿತು.

ಕೋಳಿಗೂಡಿನ ತಗಡು ಸೋರುತ್ತಿತ್ತು. ಒಳಗೆ ಐದು ಕೋಳಿಗಳು ರೆಕ್ಕೆ ಜೋತುಬಿಟ್ಟು, ಕೊನೆಯ ಬಸ್ಸು ತಪ್ಪಿಸಿಕೊಂಡ ಮುದುಕಿಯರಂತೆ ನಿಂತಿದ್ದವು.

ಅಂಬಾರಾಯನ ನಿದ್ದೆ ಹಾರಿತು. ಕೋಳಿಗಳೆಲ್ಲ ನಾಗರತ್ನಾಳ ಕಾರಭಾರ. ಅವನಿಗೆ ಗೊತ್ತಿದ್ದುದು ತಟ್ಟೆಗೆ ಬರುವ ತತ್ತಿ ಮಾತ್ರ. ಒಂದು ಸತ್ತರೂ ಅವಳು ಮುಂದಿನ ಮಳೆಗಾಲದವರೆಗೆ ಅದನ್ನೇ ಹೇಳುತ್ತಾಳೆ.

“ಅಂಬಾರಾಯ ಭಾಯಿ, ಥಂಡಿ ಗಾಳಿ ಹೊಡ್ಯಾಕತ್ತದ. ಮೊದಲ ಎಲ್ಲಾ ಕಿಂಡಿ ಮುಚ್ಚರಿ!” ಎಡಗಡೆ ಗೋಡೆಯ ಮೇಲಿಂದ ನೆರೆಮನೆಯ ಅಖ್ತರ ಬೇಗಂ ಕೂಗಿದಳು.

ಅವನು ಗೋಣಿಚೀಲ ತಂದು ಸುತ್ತಲೂ ಬಿಗಿದ. ಕೊನೆಯ ಮೊಳೆ ಹೊಡೆಯುವಷ್ಟರಲ್ಲಿ ಬಲಗಡೆ ಗೋಡೆಯ ಮೇಲೆ ಒಂದು ಕೊಡೆ ಎದ್ದಿತು. ಸಿಮೆಂಟ್ ಫ್ಯಾಕ್ಟರಿಯಿಂದ ರಿಟೈರಾದ ಮೇಲೆ ಓಣಿಯ ಕೆಲಸಕ್ಕೆಲ್ಲ ತಾನೇ ಸೂಪರ್‌ವೈಸರ್ ಆಗಿದ್ದ ಆಚೆ ಮನೆಯ ಖಂಡೆಪ್ಪ ಅದರಡಿ ನಿಂತಿದ್ದ.

“ಏ ಅಂಬಾರಾಯ, ಉಸಿರು ಕಟ್ಟಿಸಿ ಕೊಲ್ಲಾಕತ್ತೀಯೇನು? ಕೆಳಗ ಮುಚ್ಚು, ಮ್ಯಾಲ ಗಾಳಿಗಿ ಬಿಡು. ನೆಲ ಎತ್ತರಿಸು. ತಗಡಿನ ಮ್ಯಾಲ ನೀರು ಇಳೀದ್ಹಂಗ ತಾಡಪತ್ರಿ ಹಾಕು.”

ಮೊಳೆ ಕಿತ್ತದ್ದಾಯಿತು. ಒಡೆದ ಪರ್ಸಿ ಹೊತ್ತು ತಂದು ನೆಲಕ್ಕೆ ಜೋಡಿಸಿದ್ದಾಯಿತು. ಒಂದು ಕಲ್ಲು ಹೆಬ್ಬೆರಳ ಮೇಲೆ ಬಿತ್ತು. ಅಷ್ಟರಲ್ಲಿ ಬೇಗಂ ಮರುಕಪಟ್ಟು ಒಂದು ಬುಟ್ಟಿ ಕೆಂಡ ಕೊಟ್ಟಳು. ಒದ್ದೆ ನೆಲದ ಮೇಲಿಟ್ಟ ಕೆಂಡ ಹೊಗೆಯಾಡಿತು. ಐದೂ ಕೋಳಿಗಳು ಕೆಮ್ಮುತ್ತ ಮಳೆಗೆ ಓಡಿದವು.

ಅವುಗಳ ಬೆನ್ನು ಹತ್ತಿದ ಅಂಬಾರಾಯ ಎರಡು ಸಲ ಕೆಸರಿನಲ್ಲಿ ಅಂಗಾತ ಬಿದ್ದ. ಗೋಡೆ ಏರಿದ ಕೋಳಿಯನ್ನು ಖಂಡೆಪ್ಪ ಹಿಡಿದು, ತನ್ನ ಟವೆಲ್ಲಿನಿಂದಲೇ ಒರೆಸಿ ಕೊಟ್ಟ. “ಸಾವಕಾಶ ಹಿಡಿಯೋ, ಜೀವ ಅದ ಅದಕ್ಕ” ಎಂದ.

ಸಂಜೆಯ ಹೊತ್ತಿಗೆ ತಾಡಪತ್ರಿ ಬಿಗಿದು, ನೆಲಕ್ಕೆ ಬೂದಿ, ಅದರ ಮೇಲೆ ಒಣ ತೊಗರಿ ಹೊಟ್ಟು ಹಾಸಿ ಮುಗಿಯಿತು. ಕೋಳಿಗಳು ಪುಕ್ಕ ಉಬ್ಬಿಸಿ ಬೆಚ್ಚಗೆ ಕುಳಿತವು. ಖಂಡೆಪ್ಪ, “ಭಾಳ ಚಲೋ ಆಯ್ತು” ಎಂದು ತಲೆದೂಗಿದ. ಅಂಬಾರಾಯನಿಗೆ ನಿಂತಲ್ಲೇ ಕಣ್ಣು ಮುಚ್ಚುತ್ತಿದ್ದವು.

ಬಾಗಿಲ ಮುಂದೆ ಆಟೋ ನಿಂತಿತು. ಬುಟ್ಟಿ ಹಿಡಿದು ಇಳಿದ ನಾಗರತ್ನಾ ಸೀದಾ ಹಿತ್ತಲಿಗೆ ಬಂದವಳು ಗೂಡಿನ ಮುಂದೆ ನಿಂತುಬಿಟ್ಟಳು.

“ಏನ್ರೀ, ಇವು ಯಾರ ಕೋಳಿ?”

“ನಿನ್ನವೇ. ಮುಂಜಾನಿಂದ ನೋಡ್ಕೊಳ್ಳಾಕತ್ತೀನಿ.”

“ನಿಮ್ಮ ಮ್ಯಾಲ ಭರೋಸಾ ಇಟ್ಟು ಬಿಟ್ಟು ಹೋಗ್ತೀನೇನು? ನಮ್ಮವು ನನ್ನ ಕೂಡ ಚಿಂಚೋಳಿಗಿ ಬಂದಿದ್ವು.” ಅವಳು ಬುಟ್ಟಿಯ ಮೇಲಿನ ಬಟ್ಟೆ ಸರಿಸಿದಳು. ಐದು ಕುತ್ತಿಗೆಗಳು ಒಟ್ಟಿಗೆ ಎದ್ದವು.

ಗೋಡೆಯಾಚೆ ಖಂಡೆಪ್ಪ ಗಂಟಲು ಸರಿಮಾಡಿಕೊಂಡ. “ಅವು ನಮ್ಮವು, ಯವ್ವಾ. ನಿನ್ನೆ ನಮ್ಮ ಗೂಡು ಮಳಿಗಿ ಕುಸೀತು. ನಿಮ್ಮದು ಖಾಲಿ ಇತ್ತು, ಬಿಟ್ಟೆ.”

“ಕಾಕಾ, ನನಗೊಂದು ಮಾತು ಹೇಳಬಾರದೇನ್ರಿ?” ಅಂಬಾರಾಯನ ದನಿ ಸೋರುವ ನಳದಂತೆ ಸಣ್ಣದಾಗಿ ಬಂತು.

“ಹೇಳೋನೇ ಇದ್ದೆ. ನೀ ಜೀವ ಹಚ್ಚಿ ಮಾಡಾಕತ್ತಿದ್ದಿ. ನಡುವ ಬಾಯಿ ಹಾಕೋದು ಸರಿ ಕಾಣಲಿಲ್ಲ.”

“ಈಗಾರ ಒಯ್ಯರಿ.”

“ಬೆಚ್ಚಗ ಕುಂತಾವ. ಮಳ್ಯಾಗ ಎತ್ತಿದ್ರ ಥಂಡಿ ಹಿಡೀತದ.”

“ಹೌದ್ರಿ, ಪಾಪ” ಎಂದಳು ಅಖ್ತರ ಬೇಗಂ. ನಾಗರತ್ನಾಳೂ, “ಇರ್ಲಿ ಬಿಡ್ರಿ” ಎಂದು ಬುಟ್ಟಿಯೊಂದಿಗೆ ಒಳಗೆ ನಡೆದಳು.

ಅಂಬಾರಾಯ ಹಿಂದೆಯೇ ಹೋಗಿ ನೋಡಿದರೆ ಅವಳು ಅವನ ಹಾಸಿಗೆ ಸುತ್ತಿ ಮೂಲೆಗಿಟ್ಟು, ಮನೆಯಲ್ಲಿ ಸೋರದೆ ಉಳಿದಿದ್ದ ಒಂದೇ ಜಾಗದಲ್ಲಿ ಗೋಣಿಚೀಲ ಹಾಸುತ್ತಿದ್ದಳು.

“ಇನ್ನೊಂದು ಗೂಡು ಆಗೋತನಕ ನಮ್ಮವು ಇಲ್ಲೇ. ಎಷ್ಟು ಲಗೂ ಮುಗಸ್ತೀರೋ ಅಷ್ಟು ಲಗೂ ಮಲಗರಿ.”

ಅವನು ಸುತ್ತಿಗೆ ಎತ್ತಿಕೊಂಡು ಹೊರಗೆ ಬಂದ. ಗೋಡೆಯ ಮೇಲೆ ಕೊಡೆ ಆಗಲೇ ಸಿದ್ಧವಾಗಿ ನಿಂತಿತ್ತು.

“ಅಂಬಾರಾಯ, ಈ ಸಲ ಬಾಗಿಲಾ ಮೂಡಣಕ್ಕ ಇಡು. ಗಾಳಿ ಪಡುವಣದಿಂದ ಬೀಸಾಕತ್ತದ!”